ಉಕ್ದಾ ಕಣಿವೆಯಲ್ಲಿ ಕುಡಿಯದೆ ಇಟ್ಟ ಕಾಫಿ

ಹಾಯಿಲ್: ಮಣ್ಣಿನ ಕೋಟೆಗಳು

ಎತ್ತರದ್ದು ಏನು ಕಂಡರೂ ನನಗೆ ಹತ್ತಬೇಕು. ಮೂವತ್ತೊಂದು ವರ್ಷ ಬೆಳ್ತಂಗಡಿ ಕಡೆಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು ನಾನು. ವರ್ಷಕ್ಕೊಮ್ಮೆ ಮಕ್ಕಳನ್ನು ಕಟ್ಟಿಕೊಂಡು ನಮ್ಮ ಗಡಾಯಿಕಲ್ಲು ಬೆಟ್ಟ ಹತ್ತಿಸಿ ಇಳಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ಮಂಡಿಗೆ ಎಣ್ಣೆ ಹಚ್ಚುವ ಕೆಲಸ ಮಾತ್ರ ಉಳಿದಿತ್ತು. ಅಂಥವಳು ಮೆಕ್ಕಾದ ಉಮ್ರಾ ಯಾತ್ರೆ ಮುಗಿಸಿ, ಜೊತೆಗೆ ಬಂದ ಗುಂಪನ್ನು ಜಿದ್ದಾದಿಂದ ಊರಿನ ವಿಮಾನಕ್ಕೆ ಕಳಿಸಿ, ಒಬ್ಬಳೇ ಸೌದಿಯ ಉತ್ತರದ ಊರಾದ ಹಾಯಿಲ್‌ಗೆ ಹಾರಿದೆ. ಗುಂಪಿನ ಮುಖ್ಯಸ್ಥರಿಗೆ ಸಿಟ್ಟು.

"ಝೊಹರಾ ಟೀಚರೇ, ಅಲ್ಲಿ ನೋಡ್ಲಿಕ್ಕೆ ಎಂತ ಉಂಟು? ಬರೀ ಕಲ್ಲು" ಎಂದರು.

"ನನಗೆ ಕಲ್ಲೇ ಬೇಕಾದ್ದು" ಎಂದೆ.

ಕಲ್ಲಿಗಾಗಿ ಮಾತ್ರ ಹೋದದ್ದಲ್ಲ, ಅದನ್ನೂ ಹೇಳಿಬಿಡುತ್ತೇನೆ. ನನ್ನ ತಮ್ಮ ಅಶ್ರಫ್ ಇಪ್ಪತ್ತನಾಲ್ಕು ವರ್ಷದಿಂದ ಅಲ್ಲಿದ್ದಾನೆ. ಹಾಯಿಲ್ ಪಕ್ಕದ ಬೆಟ್ಟದ ಹಳ್ಳಿಯಲ್ಲಿ ಅಬೂ ಫಹದ್ ಎಂಬ, ಎಂಬತ್ತು ದಾಟಿದ ಹಿರಿಯರ ದ್ರಾಕ್ಷಿ ತೋಟ ನೋಡಿಕೊಳ್ಳುವುದು, ಅವರ ಕಾರು ಓಡಿಸುವುದು ಅವನ ಕೆಲಸ. ಅವರೇ ಅವನ ಕಫೀಲ್, ಅಂದರೆ ಅವನ ವೀಸಾ, ಇಕಾಮಾ ಎಂಬ ವಾಸದ ಪರವಾನಗಿ ಎಲ್ಲಕ್ಕೂ ಹೊಣೆಯಾದ ಮಾಲೀಕರು. ಅವರು ಒಪ್ಪಿ ಫೈನಲ್ ಎಕ್ಸಿಟ್ ಕೊಟ್ಟರೆ ಮಾತ್ರ ಅಶ್ರಫ್ ಕೆಲಸ ಬಿಟ್ಟು ಶಾಶ್ವತವಾಗಿ ಊರಿಗೆ ಬರಬಹುದು. ನಾಲ್ಕು ವರ್ಷದಿಂದ ಕೇಳಬೇಕು, ಕೇಳಬೇಕು ಅನ್ನುತ್ತಾನೆ, ಬಾಯಿ ಬರುವುದಿಲ್ಲ.

"ಅಷ್ಟು ಕೆಟ್ಟವರಾ ಅವರು?" ಎಂದು ಫೋನಿನಲ್ಲಿ ಒಮ್ಮೆ ಕೇಳಿದ್ದೆ.

"ಕೆಟ್ಟವರಾಗಿದ್ರೆ ಯಾವತ್ತೋ ಕೇಳ್ತಿದ್ದೆ ಅಕ್ಕ" ಎಂದಿದ್ದ.

ಮನೆಯಲ್ಲಿ ನಾವು ಬ್ಯಾರಿ ಮಾತಾಡುವವರು. ಆದರೆ ಶಾಲೆಯಲ್ಲಿ ನಾನು ಅವನಿಗೆ ಟೀಚರ್ ಆಗಿದ್ದೆನಲ್ಲ, ಅಂದಿನಿಂದ ನನ್ನ ಹತ್ತಿರ ಅವನದು ಕನ್ನಡವೇ, 'ನೀವು' ಎಂಬ ಬಹುವಚನವೇ. ಕಳೆದ ಸಲ ರಜೆಯಲ್ಲಿ ಬಂದವನು ನನ್ನ ಜಗಲಿಯಲ್ಲಿ ಕೂತು ಒಂದು ಮಾತು ಹೇಳಿದ. "ಅಕ್ಕ, ನೀರು ಕೇಳಿದ್ರೆ ಮಗಳು ಕಪಾಟಿನಿಂದ ನೆಂಟರ ಗ್ಲಾಸು ತೆಗೆದು, ತೊಳೆದು, ಟ್ರೇಯಲ್ಲಿಟ್ಟು ಕೊಡ್ತಾಳೆ. ಅವಳೂ ಅವಳ ಉಮ್ಮನೂ ಸ್ಟೀಲ್ ಲೋಟದಲ್ಲಿ ಕುಡಿಯುದು." ಆ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಕೊನೆಗೆ ಇಬ್ಬರೂ ಸೇರಿ ಒಂದು ಉಪಾಯ ಮಾಡಿದೆವು. ಮನೆಯ ಹಿರಿಯಳಾಗಿ ನಾನೇ ಹೋಗಿ ಅಬೂ ಫಹದರನ್ನು ಕೇಳುವುದು. ಹಿರಿಯರು ಮನೆ ಬಾಗಿಲಿಗೆ ಬಂದು ಕೇಳಿದರೆ ಅಲ್ಲಿಯವರು ಇಲ್ಲವೆನ್ನುವುದಿಲ್ಲವಂತೆ.

ವಿಮಾನ ನಿಲ್ದಾಣಕ್ಕೆ ಬಂದ ಅಶ್ರಫ್ ನನ್ನನ್ನು ಸೀದಾ ಹಳ್ಳಿಗೆ ಕರೆದೊಯ್ಯಬೇಕೆಂದಿದ್ದ. ನಾನು ಬಿಡಬೇಕಲ್ಲ! ಊರ ನಡುವಿನ ದಿನ್ನೆಯ ಮೇಲೆ ಆರಿಫ್ ಕೋಟೆ ಕಾಣುತ್ತಿತ್ತು, ಕೆಮ್ಮಣ್ಣು ಮೆತ್ತಿದ ಗೋಡೆ, ಮೂಲೆಯಲ್ಲಿ ಗೋಪುರ.

"ನೀನು ಹತ್ತಿದ್ದೀಯಾ?" ಎಂದೆ.

"ಇಲ್ಲ."

"ಇಪ್ಪತ್ತನಾಲ್ಕು ವರ್ಷದಲ್ಲಿ?"

"ಕೆಳಗಿನ ರಸ್ತೆಯಲ್ಲಿ ದಿನಾ ಹೋಗ್ತೇನೆ ಅಕ್ಕ."

ಹಿತ್ತಲ ಗಿಡ ಮದ್ದಲ್ಲ ಎಂದು ಬೈದು, ಪೆಟ್ಟಿಗೆಯನ್ನು ಕಾರಿನಲ್ಲೇ ಬಿಟ್ಟು ಹತ್ತಿಸಿದೆ. ಗಡಾಯಿಕಲ್ಲಿನ ಮುಂದೆ ಅದು ಮಕ್ಕಳಾಟ. ಆದರೆ ಮೇಲೆ ನಿಂತಾಗ, ಅಬ್ಬಾ, ಊರಿಡೀ ಕಾಲ ಕೆಳಗೆ, ಪಡುವಣಕ್ಕೆ ಅಜಾ ಬೆಟ್ಟಗಳ ಸಾಲು. ಒಂದು ಹಸಿರು ಎಲೆಯಿಲ್ಲ, ಆದರೂ ಏನು ಬಣ್ಣ! ಸುಟ್ಟ ಇಟ್ಟಿಗೆಯದು, ದಾಳಿಂಬೆ ಸಿಪ್ಪೆಯದು, ಸಂದುಗಳಲ್ಲಿ ನೇರಳೆ. ಚಳಿಗಾಲದ ಗಾಳಿಗೆ ನನ್ನ ಬುರ್ಖಾ ಪಟಪಟ ಹೊಡೆದುಕೊಳ್ಳುತ್ತಿತ್ತು. ನಾನು ಚಿಕ್ಕ ಹುಡುಗಿಯ ಹಾಗೆ ಗೋಡೆಯ ಒಂದೊಂದು ಕಿಂಡಿಗೂ ಓಡಿ ಇಣುಕಿದೆ. ಅಶ್ರಫ್ ಗಡಿಯಾರ ನೋಡುತ್ತಾ ನಿಂತಿದ್ದ.

ಅಲ್ಲಿಂದ ಕಿಶ್ಲಾ ಎಂಬ ಇನ್ನೊಂದು ಕೋಟೆ. ಹಿಂದೆ ಸೈನಿಕರಿದ್ದ ಜಾಗ, ನಡುವೆ ನಮ್ಮ ತಾಲೂಕು ಮೈದಾನದಷ್ಟು ಅಂಗಳ. ಶಾಲೆಯ ಹುಡುಗಿಯರ ಒಂದು ತಂಡ ಬಂದಿತ್ತು. ಅವರ ಟೀಚರಮ್ಮ ಸಾಲು ಮಾಡಿಸಲು ಹೆಣಗುತ್ತಿದ್ದರು, ಸಾಲು ಹಾವಿನಂತೆ ಸೊಟ್ಟ. ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ ಕೈ ಚಾಚಿ, ಅಂತರ ತೋರಿಸಿ, ಎರಡು ಸಲ ಚಪ್ಪಾಳೆ ಹೊಡೆದೆ. ಭಾಷೆ ಬೇಕಾಗಲೇ ಇಲ್ಲ, ಸಾಲು ನೆಟ್ಟಗಾಯಿತು. ಹುಡುಗಿಯರೆಲ್ಲ ಕಿಸಕ್ಕೆಂದು ನಕ್ಕು ಸುತ್ತುವರಿದರು. ಟೀಚರಮ್ಮ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, ತಮ್ಮ ಚೀಲದ ಖರ್ಜೂರದ ಡಬ್ಬಿಯನ್ನೇ ನನ್ನ ಕೈಗೆ ತುರುಕಿದರು. ಬೇಡ ಎಂದಷ್ಟೂ ಒತ್ತಿ ಕೊಟ್ಟರು.

"ಯಲ್ಲಾ, ನಡೀರಿ ಅಕ್ಕ, ಅಲ್ಲಿ ಕಾಯ್ತಾ ಇದ್ದಾರೆ" ಎಂದು ಅಶ್ರಫ್ ನನ್ನನ್ನು ಎಳೆದುಕೊಂಡು ಹೊರಟ.

ಉಕ್ದಾ: ಬೆಟ್ಟದ ಒಳಗಿನ ಹಳ್ಳಿ

ಹಳ್ಳಿಯ ಹೆಸರು ಉಕ್ದಾ, ಗಂಟು ಎಂದರ್ಥವಂತೆ. ಹಾಯಿಲ್‌ನಿಂದ ಅರ್ಧ ಗಂಟೆಯ ದಾರಿಯೂ ಇಲ್ಲ. ಬೆಟ್ಟ ಎದುರಿಗೆ ಬಂದು ಇನ್ನು ರಸ್ತೆಯೇ ಮುಗಿಯಿತು ಅನ್ನುವಾಗ ಬಂಡೆಗಳ ನಡುವೆ ಒಂದು ಸಂದು ತೆರೆಯಿತು. ಕಾರು ಅದರೊಳಗೆ ನುಸುಳಿದರೆ ಒಳಗೆ ಬೇರೆಯೇ ಲೋಕ, ಖರ್ಜೂರದ ಮರಗಳು, ಮಣ್ಣಿನ ಹಳೆಯ ಮನೆಗಳು, ನಾಲ್ಕೂ ಕಡೆ ಬಂಡೆಯ ಬೇಲಿ.

ಮಧ್ಯದಲ್ಲಿ ಒಂದು ನದಿ. ನದಿ ಎಂದರೆ ಅವರ ಲೆಕ್ಕದಲ್ಲಿ. ನೇತ್ರಾವತಿ ನೋಡಿದ ಕಣ್ಣಿಗೆ ಅದು ಮರಳಿನ ರಸ್ತೆ. ನೆರೆ ಬರುತ್ತದೆ, ಎಚ್ಚರ ಎಂದು ಬೋರ್ಡು ಬೇರೆ. ನಾನು ನಕ್ಕೆ.

"ನಗ್ಬೇಡಿ ಅಕ್ಕ. ಮಳೆ ಬಂದ್ರೆ ಅರ್ಧ ಗಂಟೆಯಲ್ಲಿ ಕಾರು ತೇಲ್ತದೆ" ಎಂದ ಅಶ್ರಫ್.

ನದಿಯ ದಂಡೆಯ ಮೇಲೇ ಅವನ ದ್ರಾಕ್ಷಿ ತೋಟ. ಎಲೆ ಉದುರಿದ ಕಾಲ, ಬಳ್ಳಿ ಸವರುವ ಕೆಲಸ ನಡೆದಿತ್ತು. ಬರಿಯ ಕಂದು ಕಡ್ಡಿಗಳ ಸಾಲು. ನನಗೆ ಒಣಗಿದ್ದು ಯಾವುದು, ಜೀವ ಇದ್ದದ್ದು ಯಾವುದು ಗೊತ್ತಾಗಲಿಲ್ಲ. ಅವನು ಕಾರು ನಿಲ್ಲಿಸಿ, ಇಳಿದು, ಒಂದು ಕಡ್ಡಿಯ ಗಂಟನ್ನು ಉಗುರಿನಿಂದ ಕೆರೆದು ಒಳಗಿನ ಹಸಿರು ತೋರಿಸಿದ. "ಊರಿಗೆ ಬಂದು ಕಸಿ ಗಿಡದ ನರ್ಸರಿ ಮಾಡ್ಬೇಕಂತ ಉಂಟು ಅಕ್ಕ. ಕೈಯಲ್ಲಿ ವಿದ್ಯೆ ಉಂಟು. ಇನ್ನು ಐದು ವರ್ಷ ಹೋದ್ರೆ ಕೈಯೂ ನಡುಗ್ತದೆ."

"ಇವತ್ತೇ ಕೇಳಿಬಿಡ್ತೇನೆ" ಎಂದೆ.

"ಅಯ್ಯೋ ಬೇಡ. ಬಂದ ದಿನವೇ ಕೇಳುದಲ್ಲ. ಇಲ್ಲಿ ಮೂರು ದಿನ ನೆಂಟರ ಹತ್ತಿರ ಯಾಕೆ ಬಂದಿರಿ ಅಂತಲೂ ಕೇಳುದಿಲ್ಲ. ಅದಕ್ಕೊಂದು ಕ್ರಮ ಉಂಟು. ಸಂಜೆ ಕೂತು ಹೇಳ್ತೇನೆ."

ಆ ಸಂಜೆಯವರೆಗೆ ಕಾಯುವ ಯೋಗ ನನ್ನ ಹಣೆಯಲ್ಲಿರಲಿಲ್ಲ.

ಅಬೂ ಫಹದರ ಅಂಗಳ

ಅಬೂ ಫಹದರ ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ಗಂಡುಮಕ್ಕಳು ರಿಯಾದ್, ದಹ್ರಾನ್ ಎಂದು ಚದುರಿದ್ದಾರೆ. ಹೆಂಗಸರನ್ನು ಕೂರಿಸುವ ಕೋಣೆ ಇದೆ, ಕೂರಿಸಲು ಮನೆಯಲ್ಲಿ ಹೆಂಗಸರಿಲ್ಲ. ಹಾಗಾಗಿ ಹೆಬ್ಬಾಗಿಲು ಅಗಲ ತೆರೆದಿಟ್ಟು, ಅಂಗಳದ ಬಿಸಿಲಿನಲ್ಲೇ ಜಮಖಾನ ಹಾಸಿ ನನ್ನನ್ನು ಕೂರಿಸಿದರು. ನೀಳ ದೇಹ, ಮೆಹಂದಿ ಹಚ್ಚಿದ ಗಡ್ಡ. ಮಾತಾಡುವಾಗ ನನ್ನ ಮುಖ ನೋಡುತ್ತಿರಲಿಲ್ಲ, ನೆಲವನ್ನೋ ಅಶ್ರಫನನ್ನೋ ನೋಡುತ್ತಿದ್ದರು. ನಮ್ಮವರ ಜೊತೆ ಇದ್ದೂ ಇದ್ದೂ ಅವರಿಗೆ ಹಿಂದಿಯ ಹತ್ತಿಪ್ಪತ್ತು ಶಬ್ದ ಬರುತ್ತಿತ್ತು.

ನನ್ನ ಕಣ್ಣು ಮಾತ್ರ ಅವರ ಮೇಲಿರಲಿಲ್ಲ. ಮನೆಯ ಹಿಂದೆ ಬಂಡೆಯ ನೆತ್ತಿಯಲ್ಲಿ ಒಂದು ಕಾವಲು ಗೋಪುರ! ಕಲ್ಲು ಮಣ್ಣಿನದು, ಮೇಲಕ್ಕೆ ಹೋದಂತೆ ಸಪೂರ, ತುದಿಯಲ್ಲಿ ಕಿಂಡಿ. ಇಡೀ ಕಣಿವೆಗೆ ಅದೊಂದು ಕಣ್ಣು ಇದ್ದಂತಿತ್ತು. ನನ್ನ ಅಂಗಾಲು ತುರಿಸತೊಡಗಿತು.

ಊರಿನಿಂದ ತಂದ ಗೇರುಬೀಜ, ಹಲಸಿನ ಹಪ್ಪಳದ ಕಟ್ಟು ತರಲು ಅಶ್ರಫ್ ಕಾರಿಗೆ ಹೋದ. ಅಬೂ ಫಹದರು ಕೊಕ್ಕಿನ ಹೂಜಿಯಿಂದ ಕಾಫಿ ಬಗ್ಗಿಸಿ ಕೊಟ್ಟರು. ಹಿಡಿಯಿಲ್ಲದ ಪುಟ್ಟ ಕಪ್ಪು, ತಳದಲ್ಲಿ ನಾಲ್ಕು ಗುಟುಕು, ಹೊಂಬಣ್ಣ, ಏಲಕ್ಕಿಯ ಪರಿಮಳ.

ಈಗ ನೀವೇ ಹೇಳಿ. ನಮ್ಮಲ್ಲಿ ನೆಂಟರ ಮನೆಯಲ್ಲಿ ಚಾ ಕೊಟ್ಟ ಕೂಡಲೇ ಬಾಯಿಗಿಡುವುದುಂಟೇ? ಚಿಕ್ಕಂದಿನಲ್ಲಿ ಹಾಗೆ ಮಾಡಿದರೆ ಉಮ್ಮ ಕಣ್ಣಲ್ಲೇ ಸುಡುತ್ತಿದ್ದರು. ಮೊದಲು "ಇದೆಲ್ಲ ಯಾಕೆ, ಸುಮ್ಮನೆ ತೊಂದ್ರೆ" ಎನ್ನಬೇಕು. ಲೋಟ ಕೆಳಗಿಡಬೇಕು. ಮನೆಯವರು "ಕುಡಿಯಿರಿ, ತಣೀತದೆ, ಕುಡಿಯಿರಿ" ಎಂದು ಎರಡು ಸಲವಾದರೂ ಒತ್ತಾಯಿಸಬೇಕು. ಆಮೇಲೆ ಇವರ ಕಾಟಕ್ಕೆ ಎಂಬಂತೆ ಎತ್ತಿಕೊಳ್ಳಬೇಕು. ನಾನು ಮರ್ಯಾದಸ್ಥರ ಮನೆಯವಳು. ಕಪ್ಪನ್ನು ಜಮಖಾನದ ಮೇಲಿಟ್ಟು ಒತ್ತಾಯಕ್ಕೆ ಕಾದೆ.

ಒತ್ತಾಯ ಬರಲಿಲ್ಲ. ಅಬೂ ಫಹದರು ಹೂಜಿ ಕೆಳಗಿಟ್ಟರು. ಬೆನ್ನು ನೆಟ್ಟಗೆ ಮಾಡಿದರು. ಎರಡೂ ಕೈ ಮಂಡಿಯ ಮೇಲಿಟ್ಟು ನನ್ನ ಕಪ್ಪನ್ನೇ ನೋಡತೊಡಗಿದರು. ನಾನೂ ಕಪ್ಪು ನೋಡಿದೆ. ನೊಣ ಬಿದ್ದಿದೆಯೇನೋ ಅಂದುಕೊಂಡೆ. ಇಲ್ಲ. ಇದೆಂಥ ಮನೆ ಮಾರಾಯ್ರೆ, ಕುಡಿಯಿರಿ ಎಂಬ ಒಂದು ಮಾತಿಲ್ಲವಲ್ಲ ಎಂದು ಒಳಗೇ ಬೇಜಾರೂ ಆಯಿತು.

ಕೊನೆಗೆ ಅವರು ಗಂಭೀರವಾಗಿ, ಕಪ್ಪಿನತ್ತಲೇ ನೋಡುತ್ತಾ, "ಕ್ಯಾ ಚಾಹಿಯೇ?" ಎಂದರು.

ನಾನು ಗೋಪುರ ನೋಡುತ್ತಿರುವುದು ಗೊತ್ತಾಗಿದೆ, ಪಾಪ, ಅದಕ್ಕೇ ಕೇಳಿದರು ಅಂದುಕೊಂಡೆ. ಖುಷಿಯಿಂದ ಕೈ ಎತ್ತಿ ತೋರಿಸಿ, "ವೋ! ಊಪರ್ ಜಾನಾ!" ಎಂದೆ.

ಅವರು ಗೋಪುರದ ಕಡೆ ತಿರುಗಿ ನೋಡಿದರು. ಹುಬ್ಬು ಒಂದಿಷ್ಟು ಮೇಲೇರಿತು. ಆಮೇಲೆ ಗಡ್ಡದ ಮೇಲೆ ಕೈಯಾಡಿಸಿ, "ಅಬ್ಶಿರಿ" ಎಂದರು. ಆಯಿತೆಂದೇ ತಿಳಿ ಎಂದು ಅದರ ಅರ್ಥ. ಕುಡಿಯಲು ಸನ್ನೆ ಮಾಡಿದರು. ಅಂತೂ ಒತ್ತಾಯ ಬಂತಲ್ಲ ಎಂದು ಒಂದೇ ಗುಟುಕಿಗೆ ಕುಡಿದೆ. ಕಷಾಯದಂಥ ಕಹಿ.

ಮುಂದಿನದು ನೋಡಬೇಕಿತ್ತು! ಅಬೂ ಫಹದರು ಎದ್ದು ಫೋನ್ ಮಾಡಿದರು. ಎರಡು ಪಿಕಪ್ ಗಾಡಿಗಳಲ್ಲಿ ನೆರೆಯವರು ಬಂದರು. ಒಬ್ಬರು ದಾರಿಯ ಮುಳ್ಳು ಕಡಿದರು, ಇನ್ನೊಬ್ಬರು ಏಣಿ ಹೊತ್ತು ತಂದರು. ಹಪ್ಪಳದ ಕಟ್ಟು ಹಿಡಿದು ಒಳಗೆ ಬಂದ ಅಶ್ರಫ್ ಈ ಗಲಾಟೆ ನೋಡಿ ದಂಗಾದ. ಅಬೂ ಫಹದರು ಅರಬಿಯಲ್ಲಿ ಎರಡು ಮಾತು ಹೇಳಿ, ಒಳಗಿನಿಂದ ಗೋಪುರದ ಗೇಣುದ್ದದ ಕೀಲಿ ತಂದು ಅವನ ಕೈಗಿಟ್ಟರು. ಅವನ ಮುಖದ ರಕ್ತ ಇಳಿದುಹೋಯಿತು.

ಗೋಪುರದ ಮೇಲೆ

ಹತ್ತುವಾಗ ನಾನು ಅವನ ಮುಖ ನೋಡಲೇ ಇಲ್ಲ, ಸುಳ್ಳು ಹೇಳಬಾರದು. ಬಂಡೆ ಒರಟು, ಕಾಲು ಗಟ್ಟಿ ಕಚ್ಚುತ್ತಿತ್ತು. ಗೋಪುರದ ಒಳಗೆ ಪಾರಿವಾಳದ ವಾಸನೆ, ಖರ್ಜೂರದ ದಿಂಡಿನ ಅಟ್ಟ, ಏಣಿಯ ಒಂದು ಮೆಟ್ಟಿಲು ಮುರಿದಿತ್ತು. ಮಂಡಿ ಕಟಕ್ಕೆಂದರೂ ಬಿಡದೆ ತುದಿ ಮುಟ್ಟಿ ತಲೆ ಹೊರಗೆ ಹಾಕಿದೆ.

ಯಾ ಅಲ್ಲಾಹ್! ಹಳ್ಳಿ ನಿಜವಾಗಿ ಗಂಟಿನ ಹಾಗೇ ಇತ್ತು. ಮೂರು ನಾಲ್ಕು ಕಣಿವೆಗಳು ಬಂದು ಅಲ್ಲಿ ಸೇರಿಕೊಂಡಿದ್ದವು. ಹಸಿರು ಮರಗಳ ನಡುವೆ ಮರಳಿನ ನದಿ, ಅದರ ಪಕ್ಕ ಬಾಚಣಿಗೆಯಲ್ಲಿ ಗೀರಿದಂತೆ ದ್ರಾಕ್ಷಿಯ ಸಾಲು. ದೂರದ ಬಂಡೆಗಳ ಮೇಲೆ ಮೋಡದ ನೆರಳು ಓಡುತ್ತಿತ್ತು. ನಾನು ಕೈ ಬಾಯಿಗಿಟ್ಟು "ಕೂ..." ಎಂದು ಕೂಗಿದೆ. ಬೆಟ್ಟ ಮೂರು ಸಲ ಉತ್ತರ ಕೊಟ್ಟಿತು. ಕೆಳಗೆ ಅಂಗಳದಲ್ಲಿ ಅಬೂ ಫಹದರು ಕೋಲೆತ್ತಿ ಆಡಿಸಿದರು.

"ಅಶ್ರಫ್, ನೋಡಾ ಇಲ್ಲಿ!" ಎಂದು ತಿರುಗಿದರೆ ಅವನು ಗೋಡೆಗೊರಗಿ ಕುಕ್ಕರುಗಾಲಲ್ಲಿ ಕೂತಿದ್ದ.

"ಅಕ್ಕ, ನೀವು ಕಾಫಿ ಯಾಕೆ ಕೆಳಗೆ ಇಟ್ಟಿರಿ?"

"ಅವರು ಕುಡಿಯಿರಿ ಅಂತ ಹೇಳ್ಲೇ ಇಲ್ವಲ್ಲ! ಕೊಟ್ಟ ಕೂಡಲೇ ಗಟಗಟ ಕುಡಿಲಿಕ್ಕೆ ನಾನೆಂತ ಬರಗೆಟ್ಟವಳಾ?"

ಅವನು ತಲೆ ಮೇಲೆ ಕೈ ಹೊತ್ತುಕೊಂಡ. ಆಮೇಲೆ ಹೇಳಿದ. ಇಲ್ಲಿ ನೆಂಟ ಕಾಫಿಯನ್ನು ಕುಡಿಯದೆ ಕೆಳಗಿಟ್ಟರೆ, ನನ್ನದೊಂದು ಬೇಡಿಕೆ ಇದೆ, ಅದು ನಡೆಯದೆ ನಾನು ಕುಡಿಯುವುದಿಲ್ಲ ಎಂದು ಅರ್ಥ. ಮನೆಯವರು ಏನು ಬೇಕೆಂದು ಕೇಳಲೇಬೇಕು. ಕೈಲಾದರೆ ನಡೆಸಿಕೊಡಲೇಬೇಕು, ಇಲ್ಲದಿದ್ದರೆ ಊರಲ್ಲಿ ತಲೆ ಎತ್ತುವ ಹಾಗಿಲ್ಲ. ಹೆಣ್ಣು ಕೇಳಲು ಹೋದವರು ಇಡುತ್ತಾರೆ, ಕೊಲೆಯ ಕ್ಷಮೆ ಕೇಳಲು ಬಂದವರು ಇಡುತ್ತಾರೆ.

"ಮೂರನೇ ದಿನ ನೀವು ಹಾಗೆ ಇಟ್ಟು ನನ್ನ ವಿಷಯ ಕೇಳ್ಬೇಕು ಅಂತ ನಾನು ಲೆಕ್ಕ ಹಾಕಿದ್ದು. ಸಂಜೆ ಕಲಿಸಿಕೊಡುವ ಅಂತಿದ್ದೆ. ನೀವು ಬಂದ ಅರ್ಧ ಗಂಟೆಯಲ್ಲಿ ಇಟ್ಟು, ಈ ಹಾಳು ಗೋಪುರ ಕೇಳಿದಿರಲ್ಲ ಅಕ್ಕ!"

ನೆಲ ಬಿರಿದು ನುಂಗಬಾರದೇ ಅನ್ನಿಸಿತು. ನೆಲ ಬಹಳ ಕೆಳಗಿತ್ತು.

"ಇನ್ನೊಮ್ಮೆ ಇಟ್ಟರೆ?" ಎಂದೆ ಮೆಲ್ಲಗೆ.

"ಒಂದು ಮನೆಯಲ್ಲಿ ಎರಡು ಸಲ ಕೇಳುದಾ? ನಾಚಿಕೆ ಅದು." ನಲವತ್ತೆಂಟರ ಗಂಡಸು, ಬೆನ್ನು ತಿರುಗಿಸಿ ಕಿಂಡಿಯಿಂದ ತೋಟ ನೋಡುತ್ತಾ ಮೂಗು ಒರೆಸಿಕೊಂಡ. ನನಗೆ ನನ್ನ ಮೇಲೇ ಕೆಟ್ಟ ಕೋಪ ಬಂತು. ಕೈಗೆ ಬಂದ ತುತ್ತು ನನ್ನಿಂದಲೇ ನೆಲಕ್ಕೆ ಬಿದ್ದಿತ್ತು.

ಕಣಿವೆಯ ಜಾಡು

ಮರುದಿನ ನಡೆಯಲು ಹೋದದ್ದು ಮನೆಯಲ್ಲಿ ಅಬೂ ಫಹದರ ಎದುರು ಕೂರುವ ಧೈರ್ಯವಿಲ್ಲದೆ. ನದಿಯ ಪಾತ್ರದಲ್ಲೇ ಜಾಡು. ಎರಡೂ ಕಡೆ ಆನೆ ಗಾತ್ರದ ಬಂಡೆಗಳು, ಗಾಳಿ ಕೊರೆದು ಮಾಡಿದ ಪೊಟರೆಗಳು, ಒಂದೆಡೆ ಯಾರೋ ಯಾವ ಕಾಲದಲ್ಲೋ ಗೀಚಿದ ಒಂಟೆಯ ಚಿತ್ರ. ಒಂದು ಗಂಟೆ ನಡೆದ ಮೇಲೆ ಬಂಡೆಯ ಬುಡದಲ್ಲಿ ನೀರು! ಹೋದ ಮಳೆಯದ್ದು ತಂಗಿ ನಿಂತಿತ್ತು, ಪಕ್ಕದಲ್ಲಿ ಕಾಡು ಅಂಜೂರದ ಗಿಡ. ಆ ಒಂದು ಹೊಂಡ ನೋಡಲು ಹಾಯಿಲ್‌ನಿಂದ ಜನ ಬಂದು, ರತ್ನಗಂಬಳಿ ಹಾಸಿ, ಬೆಂಕಿ ಹಾಕಿ, ಮದುವೆ ಮನೆಯ ಸಂಭ್ರಮದಲ್ಲಿ ಕೂತಿದ್ದರು. ನಮ್ಮಲ್ಲಿ ಅಷ್ಟು ನೀರು ಅಂಗಳದಲ್ಲಿ ನಿಂತರೆ ಸೊಳ್ಳೆ ಬರುತ್ತದೆಂದು ಚೆಲ್ಲುತ್ತೇವೆ. ಅಲ್ಲಿ ನನಗೂ ಅದು ಚಂದ ಕಂಡಿತು. ಬೇಸರವನ್ನೆಲ್ಲ ಮರೆತು ನೀರಿಗೆ ಕೈ ಹಾಕಿ ಆಡಿದೆ.

ಏಳುವಾಗ ನನ್ನ ಶೂಸಿನ ಅಟ್ಟೆ ಇಡಿಯಾಗಿ ಕಿತ್ತು ಬಂತು. ಕಾಲಿಗೆ ಕರವಸ್ತ್ರ ಕಟ್ಟಿ ಕುಂಟುತ್ತಿರುವುದನ್ನು ಕಂಬಳಿಯ ಮೇಲೆ ಕೂತಿದ್ದ ಒಬ್ಬಾಕೆ ನೋಡಿದಳು. ಕರೆದು ಕೂರಿಸಿ, ಚಾ ಕೊಟ್ಟು, ತನ್ನ ಕಾಲಿನ ಹೊಚ್ಚ ಹೊಸ ಶೂಸು ಬಿಚ್ಚಿ ನನ್ನ ಮುಂದಿಟ್ಟಳು. ಬೇಡ ಬೇಡ ಎಂದು ಎರಡು ಹೆಜ್ಜೆ ಹಿಂದೆ ಹೋದೆ. ಅವಳು ಮಂಡಿಯೂರಿ ನನ್ನ ಕಾಲಿಗೆ ತಾನೇ ತೊಡಿಸಿ ಲೇಸು ಕಟ್ಟಿದಳು. ಹೆಸರೂ ಕೇಳಲಿಲ್ಲ. ಬರಿಗಾಲಲ್ಲಿ ನಡೆದು ಹೋಗಿ ತನ್ನ ಕಾರಿನಿಂದ ಹವಾಯಿ ಚಪ್ಪಲಿ ತೆಗೆದು ಹಾಕಿಕೊಂಡಳು.

"ಇವರಿಗೆ ಇಲ್ಲ ಅನ್ಲಿಕ್ಕೆ ಬರುದಿಲ್ಲ ಅಕ್ಕ" ಎಂದ ಅಶ್ರಫ್, ಹಿಂದಿರುಗುವ ದಾರಿಯಲ್ಲಿ. "ಅಬೂ ಫಹದ್ ಕೂಡ ಹಾಗೇ. ಕೇಳಿದ್ರೆ ಕೊಡ್ತಾರೆ. ಅವರಿಗೆ ಕಾರು ಓಡಿಸ್ಲಿಕ್ಕೆ ಆಗುದಿಲ್ಲ, ಮಾತ್ರೆ ಯಾವುದು ಯಾವಾಗ ಅಂತ ಗೊತ್ತಿಲ್ಲ, ಆದ್ರೂ ಕೊಡ್ತಾರೆ. ಇಲ್ಲ ಅನ್ಲಿಕ್ಕೆ ಬಾರದವರ ಹತ್ತಿರ ಹೇಗೆ ಕೇಳುದು ಹೇಳಿ."

ಪರರ ಶೂಸಿನಲ್ಲಿ ನಡೆಯುತ್ತಾ ಹೋದೆ. ಬಹಳ ಹೊತ್ತಿನ ಮೇಲೆ, "ಯಾಕೆ ಊರಿಗೆ ಬರ್ಲಿಲ್ಲ ಅಂತ ನಿನ್ನ ಮಗಳು ಕೇಳಿದ್ರೆ ನೀನು ಎಂತ ಹೇಳ್ತೀಯಾ?" ಎಂದೆ.

ಮೂರನೇ ಬೆಳಿಗ್ಗೆ

ನಾಚಿಕೆಯಾದರೆ ನನಗಾಗಲಿ, ನಾನು ಇನ್ನೊಮ್ಮೆ ಕೇಳುವವಳೇ ಎಂದು ತೀರ್ಮಾನಿಸಿದೆ. ಮಾತು ಪೂರ್ತಿ ಹೇಳುವಷ್ಟು ಹಿಂದಿ ಅಬೂ ಫಹದರಿಗಿಲ್ಲ, ಅರಬಿ ನನಗಿಲ್ಲ. "ನಾನು ಹೇಳಿದ್ದನ್ನು ಹಾಗೇ ಅರಬಿಯಲ್ಲಿ ಹೇಳ್ಬೇಕು, ಗೊತ್ತಾಯ್ತಾ?" ಎಂದು ಅಶ್ರಫನಿಗೆ ಶಾಲೆಯ ಸ್ವರದಲ್ಲೇ ತಾಕೀತು ಮಾಡಿದೆ. ತಲೆಯಾಡಿಸಿದ.

ಅದೇ ಅಂಗಳ, ಅದೇ ಜಮಖಾನ. ಆ ಮನೆಯಲ್ಲಿ ಕಾಫಿ ಬಗ್ಗಿಸುವುದು ದಿನವೂ ಅಶ್ರಫನ ಕೆಲಸ. ಎಡಗೈಯಲ್ಲಿ ಹೂಜಿ, ಬಲಗೈಯಲ್ಲಿ ಕಪ್ಪು, ನಿಂತುಕೊಂಡೇ. ಅವನು ಕೊಟ್ಟ ಕಪ್ಪನ್ನು ನಾನು ಕೆಳಗಿಟ್ಟೆ.

ಅಬೂ ಫಹದರು ಕಪ್ಪು ನೋಡಿದರು. ಏನಂತೆ ಎಂದು ಕೇಳುವಂತೆ ಅಶ್ರಫನ ಕಡೆ ಗದ್ದ ಎತ್ತಿದರು.

"ನನ್ನ ತಮ್ಮನನ್ನು ಊರಿಗೆ ಕಳಿಸಿಕೊಡಿ. ಪೂರ್ತಿಯಾಗಿ. ಅವನ ಹೆಂಡತಿ ಮಗಳ ಪರವಾಗಿ ಕೇಳಲಿಕ್ಕೆ ನಾನು ಬಂದದ್ದು" ಎಂದೆ ಕನ್ನಡದಲ್ಲಿ, ಸ್ಪಷ್ಟವಾಗಿ.

ಅಶ್ರಫ್ ಅರಬಿಯಲ್ಲಿ ಏನೋ ಹೇಳಿದ. ಅಬೂ ಫಹದರ ಮುಖ ಅರಳಿತು. "ಅಬ್ಶಿರಿ!" ಎಂದವರೇ ಎದ್ದು ಒಳಗೆ ಹೋಗಿ, ಒಂದು ದೊಡ್ಡ ಚೀಲ ಎಳೆದು ತಂದು ನನ್ನ ಮುಂದಿಟ್ಟರು. ಬಿಚ್ಚಿ ನೋಡಿದರೆ ಒಣದ್ರಾಕ್ಷಿ.

"ಎಂತ ಹೇಳಿದೆ ನೀನು?" ಎಂದೆ ಹಲ್ಲು ಕಚ್ಚಿ.

"ತೋಟದ ಒಣದ್ರಾಕ್ಷಿ ಬೇಕಂತೆ, ಊರಿಗೆ ತಕೊಂಡು ಹೋಗ್ಲಿಕ್ಕೆ ಅಂತ..."

"ನಿನ್ನ ಒಣದ್ರಾಕ್ಷಿಗೆ ಬೆಂಕಿ ಹಾಕ! ಇಡೀ ಮೈದಾನ ಹತ್ತು ಸುತ್ತು ಓಡಿಸ್ತೇನೆ ನಿನ್ನನ್ನು!"

ಅರ್ಥವಾಗದಿದ್ದರೂ ಸ್ವರ ಅರ್ಥವಾಗುತ್ತದಲ್ಲ. ಅಬೂ ಫಹದರು ನನ್ನ ಕಪ್ಪಿನತ್ತ ನೋಡಿದರು. ಅದರಲ್ಲಿ ಕಾಫಿ ಹಾಗೇ ಇತ್ತು. ಬೇಡಿದ್ದು ಕೊಟ್ಟ ಮೇಲೂ ಕುಡಿಯದ ಕಪ್ಪು. ಅವರು ನಿಧಾನವಾಗಿ ಕೂತು ಅಶ್ರಫನನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು. ಅವಳು ಹೇಳಿದ್ದರಲ್ಲಿ ನೀನು ನನಗೆ ಹೇಳದೆ ಬಿಟ್ಟದ್ದು ಏನು ಎಂದು ಕೇಳಿದರಂತೆ, ಆಮೇಲೆ ಅವನೇ ಹೇಳಿದ.

ಅಶ್ರಫ್ ಹೂಜಿ ಹಿಡಿದುಕೊಂಡೇ ನನ್ನ ಪಕ್ಕಕ್ಕೆ ಬಂದು ಕೂತ, ನೆಂಟರು ಕೂರುವ ಜಾಗದಲ್ಲಿ. ಒಂದು ಕಪ್ಪಿಗೆ ತಾನೇ ಕಾಫಿ ಬಗ್ಗಿಸಿಕೊಂಡ. ಕುಡಿಯಲಿಲ್ಲ. ಅಬೂ ಫಹದರ ಎದುರಿಗೆ, ಜಮಖಾನದ ಮೇಲೆ ಇಟ್ಟ.

ಆ ಅಂಗಳದಲ್ಲಿ ಇಷ್ಟು ವರ್ಷ ಎಷ್ಟೋ ಜನರಿಗೆ ಕಾಫಿ ಕೊಟ್ಟವನು ತನಗಾಗಿ ಕಪ್ಪು ಕೆಳಗಿಟ್ಟದ್ದು ಅದೇ ಮೊದಲು. ಅವನು ಅರಬಿಯಲ್ಲಿ ಮಾತಾಡತೊಡಗಿದ. ತಲೆ ತಗ್ಗಿಸಿ, ತಡೆದು ತಡೆದು. ನನಗೆ ತಿಳಿದದ್ದು ಮಗಳ ಹೆಸರು ಮಾತ್ರ. ಒಮ್ಮೆ ಬೆರಳಿನಲ್ಲಿ ಗ್ಲಾಸಿನ ಎತ್ತರ ತೋರಿಸಿದ. ಮುಗಿಸಿದಾಗ ಅವನ ಕತ್ತು ಬೆವರಿತ್ತು.

ಅಬೂ ಫಹದರು ಅವನ ಕಪ್ಪನ್ನು ನೋಡುತ್ತಲೇ ಕೂತರು. ಖರ್ಜೂರದ ಮರದಲ್ಲಿ ಗುಬ್ಬಚ್ಚಿಗಳ ಗಲಾಟೆ. ಅವರು ತಲೆಯ ಮೇಲಿನ ಬಟ್ಟೆಯ ತುದಿಯಿಂದ ಕಣ್ಣು ಒತ್ತಿಕೊಂಡಾಗ ನನಗೂ ತಡೆಯಲಾಗಲಿಲ್ಲ. ಇಬ್ಬರಿಗಾಗಿಯೂ ಅತ್ತೆ, ನಾಚಿಕೆಯಿಲ್ಲದೆ.

"ಅಬ್ಶಿರ್" ಎಂದರು ಅಬೂ ಫಹದರು, ಅದೇ ಮಾತು, ಈ ಸಲ ಅವನಿಗೆ. "ಇಶ್ರಬ್, ಯಾ ಅಶ್ರಫ್." ಕುಡಿ.

ಅವನು ಕುಡಿದ. ನಾನೂ ನನ್ನ ತಣ್ಣಗಿನ ಕಾಫಿ ಕುಡಿದೆ. ಕಹಿ ಗೊತ್ತೇ ಆಗಲಿಲ್ಲ.

ಫೈನಲ್ ಎಕ್ಸಿಟ್ ಎಂದರೆ ಕಚೇರಿಗೆ ಹೋಗಬೇಕು, ವಾರಗಟ್ಟಲೆ ಅಲೆಯಬೇಕು ಎಂದು ನಾನು ತಿಳಿದಿದ್ದೆ. ಅಬೂ ಫಹದರು ಜೇಬಿನಿಂದ ಫೋನ್ ತೆಗೆದರು. ಈಗ ಎಲ್ಲವೂ ಅದರಲ್ಲೇ ಅಂತೆ. ಕನ್ನಡಕ ಹಾಕಿ, ಪರದೆಯನ್ನು ಹತ್ತಿರ ದೂರ ಹಿಡಿದು ನೋಡಿದರು. ಆಮೇಲೆ ಎಂದಿನ ಅಭ್ಯಾಸದಂತೆ ಫೋನನ್ನು ಅಶ್ರಫನತ್ತ ಚಾಚಿದರು.

"ನೀನೇ ಮಾಡು, ನನಗೆ ಕಾಣುದಿಲ್ಲ ಅಂತಿದ್ದಾರೆ" ಎಂದ ಅಶ್ರಫ್.

"ನಿನಗೆ ಬರ್ತದಾ?"

"ನಾನೇ ಅಲ್ವಾ ಯಾವಾಗಲೂ ಮಾಡುದು. ಇಕಾಮಾ ರಿನ್ಯೂವಲ್, ರಜೆಯ ವೀಸಾ, ಎಲ್ಲ. ಪಾಸ್‌ವರ್ಡ್ ಅವರಿಗೆ ಗೊತ್ತೇ ಇಲ್ಲ."

ನಾನು ಬಾಯಿ ತೆರೆದು ಅವನನ್ನೇ ನೋಡಿದೆ. "ಅಂದ್ರೆ... ಈ ನಾಲ್ಕು ವರ್ಷವೂ ಅದು ನಿನ್ನ ಕೈಯಲ್ಲೇ ಇತ್ತಾ? ಯಾವತ್ತು ಬೇಕಾದ್ರೂ ಒತ್ತಬಹುದಿತ್ತಾ?"

"ಒತ್ತಬಹುದಿತ್ತು ಅಕ್ಕ" ಎಂದ. ತಲೆ ಎತ್ತಲಿಲ್ಲ, ಪರದೆಯ ಮೇಲೆ ತನ್ನದೇ ಹೆಸರು ಹುಡುಕುತ್ತಿದ್ದ. "ಕೇಳದೆ ಹೇಗೆ ಒತ್ತುದು?"